ಕಿಟಕಿಯಾಚೆಗಿನ ಬಿಳಿ ಕರವಸ್ತ್ರ

ಷಾತ್ಲಿನೋ, ಬೆಲ್ಜಿಯಂ
ಅಕ್ಟೋಬರ್ 11, 2009, ಭಾನುವಾರ

ಮುದ್ದು ಲೋರಿಸ್,

ಹೇಗಿದ್ದೀಯ ಮಗು? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ, ಇಲ್ಲ ಆ ಡಬ್ಬಿಯ ಸೂಪನ್ನೇ ಬಿಸಿ ಮಾಡಿಕೊಳ್ಳುತ್ತಿದ್ದೀಯಾ? ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಕಾಗದ. ಕಾಗದ ರಿಂಗಾಗುವುದಿಲ್ಲವಾದ್ದರಿಂದ ಅದರ ಸದ್ದಡಗಿಸಲು ನಿನಗೆ ಆಗದು. ನಿನ್ನ ಅಜ್ಜಿ ಚೆನ್ನಾಗಿದ್ದಾಳೆ. ಮಳೆ ಬರುವ ಮುಂಚೆ ಮೊಣಕಾಲು ಸುದ್ದಿ ಕೊಡುತ್ತದೆ, ಈ ಊರಿನಲ್ಲಿ ಅದಕ್ಕೆ ಬಿಡುವೇ ಇಲ್ಲ. ಇವತ್ತು ಎಂದಿನಂತೆ ಟೊಮೆಟೊ ರಸದಲ್ಲಿ ಮಾಂಸದುಂಡೆ ಬೇಯಿಸಿದ್ದೆ. ನಿನಗೂ ಒಂದು ತಟ್ಟೆ ಇಟ್ಟೆ. ನಿನ್ನಪ್ಪ ಅದನ್ನು ನೋಡಿ ತನ್ನ ಕಿವುಡು ಕಿವಿಯನ್ನು ನನ್ನ ಕಡೆ ಮಾಡಿ ಕೂತ. ಬೇಡದ ಮಾತು ಬರುತ್ತದೆಂದು ಗೊತ್ತಾದಾಗ ಅವನು ಹಾಗೆಯೇ ಕೂರುವುದು, ನಿನಗೆ ಗೊತ್ತಲ್ಲ.

ನಡೆದದ್ದನ್ನು ಅವನೇ ನನಗೆ ಹೇಳಿದ. ರಸ್ತೆಯಲ್ಲಿ ಅಡ್ಡಾದಿಡ್ಡಿ ಹೋಗುತ್ತಿದ್ದ ಕಾರನ್ನು ಪೊಲೀಸ್ ಗಸ್ತಿನಲ್ಲಿದ್ದ ನೀನು ನಿಲ್ಲಿಸಿದೆ. ಒಳಗಿದ್ದ ಮುದುಕರು, ಮಸ್ಯೂ ಕೊಲಿನ್ಯೊ, ತೊದಲುತ್ತಿದ್ದರು, ಬೆವರುತ್ತಿದ್ದರು, ಮುಟ್ಟಿದರೆ ಕೈ ಕೊಡವುತ್ತಿದ್ದರು. ಕುಡಿದಿದ್ದಾರೆಂದು ತಿಳಿದು ಕೋಳ ಹಾಕಿ ರಸ್ತೆ ಬದಿಯಲ್ಲಿ ಕೂರಿಸಿದೆ. ಅವರ ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು. ಅವರು ಪಕ್ಕಕ್ಕೆ ವಾಲಿ ಬಿದ್ದ ಮೇಲಷ್ಟೇ ನೀನು ಆಂಬ್ಯುಲೆನ್ಸ್ ಕರೆದದ್ದು. ಈಗ ಆಸ್ಪತ್ರೆಯಲ್ಲಿ ಅವರಿಗೆ ಮಾತು ಮರಳಿದೆ, ನಡಿಗೆ ಇನ್ನೂ ಮರಳಿಲ್ಲ. ನಿನ್ನನ್ನು ಸದ್ಯಕ್ಕೆ ಕೆಲಸದಿಂದ ದೂರ ಇಟ್ಟಿದ್ದಾರೆ. ಸಮವಸ್ತ್ರ, ಟೋಪಿ ಎಲ್ಲ ಒಪ್ಪಿಸಿ ಬಂದಿದ್ದೀಯ. ಆ ಮನೆಯವರ ಹತ್ತಿರ ಸುಳಿಯಲೇಬೇಡ ಎಂದು ವಕೀಲರು ಹೇಳಿದ್ದಾರಂತೆ. ನೀನೋ ಅವರ ಹತ್ತಿರವಷ್ಟೇ ಅಲ್ಲ, ನಮ್ಮ ಹತ್ತಿರವೂ ಸುಳಿಯುತ್ತಿಲ್ಲ. ಬೈಯಲು ಬರೆಯುತ್ತಿಲ್ಲ ಮಗು. ನಿನ್ನಪ್ಪ ಹುಟ್ಟಿದ ದಿನದ ಕಥೆ ಹೇಳಬೇಕೆನಿಸಿತು. ನೀನು ಅದನ್ನು ನೂರು ಸಲ ಕೇಳಿದ್ದೀಯ, ಆದರೆ ಯಾವಾಗಲೂ ನಿಮ್ಮಜ್ಜನ ಬಾಯಲ್ಲಿ. ಅವರು ಎಲ್ಲರಿಗೂ ನಗು ಬಂದಲ್ಲಿಗೆ ನಿಲ್ಲಿಸಿಬಿಡುತ್ತಿದ್ದರು.

ನಾವಾಗ ಇಟಲಿಯಿಂದ ಬಂದು, ನಿಮ್ಮಜ್ಜ ದುಡಿಯುತ್ತಿದ್ದ ಕಲ್ಲಿದ್ದಲ ಗಣಿಯ ಹಿಂದಿನ ತಗಡಿನ ಮನೆಗಳ ಸಾಲಿನಲ್ಲಿದ್ದೆವು. ಚಳಿಗಾಲದಲ್ಲಿ ಒಳಗೋಡೆಗೇ ಹಿಮ ಕಟ್ಟುತ್ತಿತ್ತು, ಬೇಸಗೆಯಲ್ಲಿ ತಗಡೇ ಒಲೆ. ಆದರೂ ಆ ದಿನಗಳೆಂದರೆ ನನಗೆ ಮೊದಲು ನೆನಪಾಗುವುದು ಸಂಜೆ ಎಲ್ಲ ಬಾಗಿಲುಗಳಿಂದಲೂ ಒಟ್ಟಿಗೆ ಹೊರಡುತ್ತಿದ್ದ ಬೆಳ್ಳುಳ್ಳಿಯ ಘಮ, ಗಂಡಸರು ಸ್ನಾನ ಮಾಡಿ ಬಂದರೂ ಕಣ್ಣಂಚಿನಲ್ಲಿ ಉಳಿದಿರುತ್ತಿದ್ದ ಕಾಡಿಗೆಯಂಥ ಕಪ್ಪು. ತಂತಿಯ ಮೇಲೆ ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಕಲ್ಲಿದ್ದಲ ಧೂಳಿಗೆ ಬೂದಿಬಣ್ಣವಾಗುತ್ತಿತ್ತು. ಅದಕ್ಕೇ ಮದುವೆಗೆ ಅಮ್ಮ ಕೊಟ್ಟ ಕರವಸ್ತ್ರವನ್ನು ಕಾಗದದಲ್ಲಿ ಸುತ್ತಿ ಎತ್ತಿಟ್ಟಿದ್ದೆ. ಆ ಸಾಲಿನಲ್ಲೆಲ್ಲ ನಿಜವಾಗಿ ಬೆಳ್ಳಗಿದ್ದದ್ದು ಅದೊಂದೇ. ಇಟಲಿಯ ನಮ್ಮೂರಿನಲ್ಲಿ ಕಾಯಿಲೆಯವರನ್ನು ಕಾರಿನಲ್ಲಿ ಒಯ್ಯುವಾಗ ಕಿಟಕಿಯಿಂದ ಬಿಳಿ ಬಟ್ಟೆ ಹಿಡಿದು ಹಾರ್ನ್ ಬಾರಿಸುತ್ತ ಹೋಗುವುದು ವಾಡಿಕೆ. ಕಂಡವರು ದಾರಿ ಬಿಡುತ್ತಾರೆ. ಈ ದೇಶದವರಿಗೆ ಅದು ಗೊತ್ತಿರಲಿಕ್ಕಿಲ್ಲ ಎಂದು ನಮಗೆ ಯಾರಿಗೂ ಹೊಳೆದೇ ಇರಲಿಲ್ಲ.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ನನಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿದವಳೇ, "ಮಗು ಅಡ್ಡ ತಿರುಗಿದೆ ಕಣಮ್ಮಾ, ಇದು ನನ್ನ ಕೈಲಾಗಲ್ಲ, ಹೊರಡಿ ಆಸ್ಪತ್ರೆಗೆ" ಎಂದಳು. ಇಡೀ ಸಾಲಿಗೆ ಇದ್ದದ್ದು ಪಕ್ಕದ ಮನೆಯ ಕಾರ್ಮಿನೆಯ ಹಳೇ ಕಾರು ಒಂದೇ. ಏರಿನಲ್ಲಿ ಅದೂ ಅವನಷ್ಟೇ ಕೆಮ್ಮುತ್ತಿತ್ತು. ನಿಮ್ಮಜ್ಜ ಮುಂದೆ ಕೂತು ಕರವಸ್ತ್ರ ಹಿಡಿದ ಕೈಯನ್ನು ಹೊರಗೆ ಚಾಚಿದರು. ಕಾರ್ಮಿನೆ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ರಸ್ತೆ ಬದಿಯ ಜನ ನಿಂತು ನಕ್ಕು ನಮಗೆ ಕೈ ಬೀಸಿದರು. ಶನಿವಾರ, ಹಾರ್ನು, ಬಿಳಿ ಬಟ್ಟೆ, ಇಟಲಿಯವರು: ಇಲ್ಲಿ ಹೀಗೆ ಹೋಗುವುದು ಮದುವೆಯ ದಿಬ್ಬಣವಲ್ಲದೆ ಇನ್ನೇನು! "ನೋಡು ನುಂಜಿಯೊ, ಎಷ್ಟು ಒಳ್ಳೇ ಜನ! ದಾರಿ ಬಿಡೋದೊಂದು ಬಿಟ್ಟು ಇನ್ನೆಲ್ಲ ಮಾಡ್ತಾರೆ" ಎಂದು ಕಾರ್ಮಿನೆ ನಿಮ್ಮಜ್ಜನಿಗೆ ಹೇಳಿದ.

ಸೇತುವೆಯ ಹತ್ತಿರ ಮೋಟರ್‌ಸೈಕಲ್ ಪೊಲೀಸನೊಬ್ಬ ಅಡ್ಡ ಬಂದು ನಿಲ್ಲಿಸಿದ. ನಿನ್ನ ವಯಸ್ಸಿನ ಹುಡುಗ. ಮುಂದಿನ ಕಿಟಕಿಯಲ್ಲಿ ಇಣುಕಿ, "ಮದುಮಗಳನ್ನ ಎಲ್ಲಿ ಬಿಟ್ಟು ಬಂದ್ರಿ?" ಎಂದು ನಕ್ಕ. ನಿಮ್ಮಜ್ಜನಿಗೆ ಬರುತ್ತಿದ್ದದ್ದು ಗಣಿಯೊಳಗಿನ ಫ್ರೆಂಚ್: ತಳ್ಳು, ಬಗ್ಗು, ತಲೆ ಜೋಪಾನ. ಅದರಲ್ಲಿ ಹೆರಿಗೆಗೆ ಮಾತಿರಲಿಲ್ಲ. ಅವರು ಬಾಗಿಲು ತಳ್ಳಿ ಇಳಿದು ಕೈ ಬೀಸಿ ಕೂಗಾಡಿದರು. ಕುಡಿದು ಜಗಳಕ್ಕೆ ಬಂದರೆಂದು ಆ ಹುಡುಗ ಇಬ್ಬರನ್ನೂ ಕಾರಿಗೆ ಮುಖ ಮಾಡಿ ನಿಲ್ಲಿಸಿದ. ಕಾರ್ಮಿನೆಗೆ ಫ್ರೆಂಚ್ ಚೆನ್ನಾಗಿ ಬರುತ್ತಿತ್ತು, ಆದರೆ ಅವನು ಬಾಯಿ ತೆರೆದಾಗಲೆಲ್ಲ "ಕೇಳಿದಾಗ ಮಾತಾಡು" ಎಂಬ ಗದರಿಕೆ. ನಾನು ಹಿಂದಿನ ಸೀಟಿನಲ್ಲಿ ನಿಮ್ಮಜ್ಜನ ಕೋಟು ಹೊದ್ದು, ಅದರ ತೋಳನ್ನು ಕಚ್ಚಿಕೊಂಡು ಮಲಗಿದ್ದೆ. ಪರಗಂಡಸಿನ ಎದುರು ಹೆರಿಗೆ ನೋವಿನಲ್ಲಿ ಕೂಗುವುದು ನಮ್ಮೂರ ಹೆಂಗಸರಿಗೆ ನಾಚಿಕೆ. ಆ ತೋಳಿಗೆ ಕಲ್ಲಿದ್ದಲ ರುಚಿ ಇತ್ತು, ಈಗಲೂ ನಾಲಿಗೆಯ ಮೇಲಿದೆ. ಕೊನೆಗೆ ಹಲ್ಲು ಸೋತು ಕೂಗು ಹೊರಬಂತು. ಹುಡುಗ ಹಿಂದಿನ ಬಾಗಿಲು ತೆರೆದ. ಮುಖದ ಬಣ್ಣ ಹಾಗೆ ಇಳಿದುಹೋಗುವುದನ್ನು ನಾನು ಮತ್ತೆಂದೂ ನೋಡಿಲ್ಲ. "ಮೊದ್ಲೇ ಹೇಳ್ಬಾರ್ದಾ?" ಎಂದು ಕಿರುಚಿದ. "ಹೇಳ್ತಾನೇ ಬಂದ್ವಲ್ಲಪ್ಪಾ, ದಾರಿಯುದ್ದಕ್ಕೂ!" ಎಂದು ಕಾರ್ಮಿನೆ ಕರವಸ್ತ್ರ ತೋರಿಸಿದ. "ನಮ್ಮೂರಲ್ಲಿ ಇದನ್ನ ಕಂಡ್ರೆ ಬಿಷಪ್ಪರೂ ಗಾಡಿ ಪಕ್ಕಕ್ಕೆ ಹಾಕ್ತಾರೆ!" ಹುಡುಗ ಅದನ್ನು ಕಿತ್ತುಕೊಂಡು ತನ್ನ ಗಾಡಿಯ ಹ್ಯಾಂಡಲಿಗೆ ಕಟ್ಟಿ, ಆಸ್ಪತ್ರೆಯ ಬಾಗಿಲವರೆಗೂ ನಮ್ಮ ಮುಂದೆ ಮುಂದೆ ಓಡಿಸಿದ.

ನಿಮ್ಮಜ್ಜ ಇಲ್ಲಿಗೆ ನಿಲ್ಲಿಸಿ ಎಲ್ಲರ ಲೋಟಕ್ಕೂ ವೈನ್ ಸುರಿಯುತ್ತಿದ್ದರು. ಮುಂದಿನದನ್ನು ನಾನು ಹೇಳುತ್ತೇನೆ. ಹೊಟ್ಟೆ ಕೊಯ್ದು ತೆಗೆದಾಗ ನಿನ್ನಪ್ಪ ನೀಲಿಗಟ್ಟಿದ್ದ, ಅಳಲಿಲ್ಲ; ನರ್ಸ್ ಬೆನ್ನು ತಟ್ಟಿ ತಟ್ಟಿ ಅಳಿಸಿದಳಂತೆ. ಎಡಗಿವಿ ಕೇಳಿಸದೆಂದು ವರ್ಷದ ಮೇಲೆ ತಿಳಿಯಿತು. ಸೇತುವೆಯ ಬಳಿ ಕಳೆದ ಹೊತ್ತಿಗೂ ಆ ಕಿವಿಗೂ ಸಂಬಂಧ ಇದೆಯೆಂದು ಯಾವ ಡಾಕ್ಟರೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಹೆರಿಗೆಯ ಮರುದಿನ ವಾರ್ಡಿನ ಬಾಗಿಲಲ್ಲಿ ಆ ಹುಡುಗ ನಿಂತಿದ್ದ. ಹೆಸರು ಫಿರ್ಮಾಂ. ಕರವಸ್ತ್ರವನ್ನು ಅವನ ತಾಯಿ ಒಗೆದು ಇಸ್ತ್ರಿ ಮಾಡಿ ಕಳಿಸಿದ್ದಳು. ಮೇಲಿನವರು ಹೋಗಬೇಡ ಎಂದಿದ್ದರಂತೆ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಅದರ ಅಂಚನ್ನು ತಿರುಗಿಸುತ್ತಲೇ, "ಮಗು ಹೇಗಿದೆ ಅಂತ ಕೇಳೋಕೆ ಬಂದೆ" ಎಂದ. ಅಷ್ಟೇ. ನಿಮ್ಮಜ್ಜನ ಮುಷ್ಟಿ ಬಿಗಿದದ್ದನ್ನು ನಾನು ಕಂಡೆ. ಆದರೆ ಹಾಗೆ ಬಾಗಿಲಲ್ಲಿ ನಿಂತವನನ್ನು ಎಷ್ಟು ಹೊತ್ತು ನಿಲ್ಲಿಸುವುದು? ಕಾಲಿನಿಂದ ಕುರ್ಚಿಯನ್ನು ಅವನ ಕಡೆ ತಳ್ಳಿದರು. ಆಮೇಲೆ ಮೇ ತಿಂಗಳು ಬಂದಾಗಲೆಲ್ಲ ಫಿರ್ಮಾಂ ಸಕ್ಕರೆ ಟಾರ್ಟ್ ಹಿಡಿದು ಬರುತ್ತಿದ್ದ. ಕಿವಿಯ ವಿಷಯ ತಿಳಿದ ಮೇಲೂ ಬಂದ. ಯಾರೂ ಹೇಳದೆಯೇ ನಿನ್ನಪ್ಪನ ಬಲಗಡೆ ಕೂರುತ್ತಿದ್ದ. ಕ್ಷಮಿಸಿದೆ ಎಂಬ ಮಾತು ನಿಮ್ಮಜ್ಜನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಫಿರ್ಮಾಂ ತೀರಿಕೊಂಡ ವರ್ಷ ಮಾತ್ರ, ಮೇ ತಿಂಗಳ ಆ ದಿನ, ಸಂಜೆಯವರೆಗೂ ಅವರು ಕಿಟಕಿ ಬಿಟ್ಟು ಅಲುಗಲಿಲ್ಲ.

ಒಲೆಯ ಮೇಲೆ ಹಾಲಿಟ್ಟಿದ್ದೇನೆ, ನಿಲ್ಲಿಸುತ್ತೇನೆ. ಗಣಿಯವರ ಸಂತ ಬಾರ್ಬರಾ ನಿನ್ನನ್ನು ಕಾಯಲಿ. ನೀನು ಗಣಿಗೆ ಇಳಿದವನಲ್ಲ, ನಿಜ. ಆದರೂ ಅವಳಿಗೆ ನಮ್ಮ ಮನೆಯವರೆಲ್ಲರ ಪರಿಚಯವಿದೆ. ನಿನ್ನ ಹಣೆಗೊಂದು ಮುತ್ತು.

ನಿನ್ನ ಅಜ್ಜಿ,
ಎರ್ಸಿಲಿಯಾ

ತಾ.ಕ.: ಶುಕ್ರವಾರ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ ಆ ಮುದುಕರ ಹೆಂಡತಿ ಮದಾಂ ಕೊಲಿನ್ಯೊ ಅವರನ್ನು ಕಂಡೆ. ನಾನು ಯಾರ ಅಜ್ಜಿಯೆಂದು ಹೇಳಿದೆ. ಅವರು ಗಂಡನ ಹೊದಿಕೆಯನ್ನು ಎರಡು ಸಲ ಸರಿಪಡಿಸಿದರು. ಆಮೇಲೆ, "ಬರೋದಾದ್ರೆ ಬರ್ಲಿ. ಕಾಫಿ ಕೊಡ್ತೀನಿ ಅಂತ ಮಾತ್ರ ಅನ್ಕೋಬೇಡಿ" ಎಂದರು. ಮಧ್ಯಾಹ್ನದ ಊಟದ ನಂತರ ನೋಡಲು ಬಂದವರನ್ನು ಒಳಗೆ ಬಿಡುತ್ತಾರೆ. ಕರವಸ್ತ್ರ ಈ ಲಕೋಟೆಯಲ್ಲೇ ಇದೆ. ಟೋಪಿ ಈಗ ನಿನ್ನ ಹತ್ತಿರ ಇಲ್ಲ. ಬಾಗಿಲಲ್ಲಿ ನಿಂತಾಗ ಕೈಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ.