ಗೇಟಿನ ಹೊರಗೆ ಉಳಿದ ಮಾತು

ಜನವರಿ 13, ಸೋಮವಾರ

ಪ್ರಿಂಟರ್ ಮತ್ತೆ ಕೈಕೊಟ್ಟಿತು. ನಿಯಮಗಳ ಹಾಳೆ ಅರ್ಧ ಕಪ್ಪು, ಅರ್ಧ ಬೂದಿ ಬಣ್ಣ. ಹೈಸ್ಕೂಲಿಗೆ ಹೊಸದಾಗಿ ಬಂದ ಫಾರ್ಮ್ ಒನ್ ಮಕ್ಕಳಿಗೆ ಅದರಿಂದ ಹೆಚ್ಚಿನ ವ್ಯತ್ಯಾಸವಾಗಲಿಕ್ಕಿಲ್ಲ. ಏಳು ವರ್ಷ ಸ್ವಾಹಿಲಿಯಲ್ಲಿ ಓದಿ ಬಂದವರು. ಇವತ್ತಿನಿಂದ ಎಲ್ಲವೂ ಇಂಗ್ಲಿಷ್ — ಲೆಕ್ಕ, ಬಯಾಲಜಿ, ಕುಡಿಯಲು ನೀರು ಕೇಳುವುದು.

ಹಾಳೆ ಬರೆದವಳು ನಾನೇ. ಪಾಠಗಳ ಉಸ್ತುವಾರಿ ಹೊತ್ತ ಅಕಾಡೆಮಿಕ್ ಟೀಚರ್ ಅಂದಮೇಲೆ ಅದು ನನ್ನ ಪಾಲಿನ ಕೆಲಸ. ಟೀಚರ್ ಒಳಗೆ ಬಂದ ನಂತರ ಬಂದವರನ್ನು ತಡವೆಂದು ಪರಿಗಣಿಸಲಾಗುವುದು, ಅಂಕ ಕಳೆಯಲಾಗುವುದು. ಗೇಟಿನೊಳಗೆ ಸ್ವಾಹಿಲಿ ಆಡಿದರೆ ಅಂಕ ಕಳೆಯಲಾಗುವುದು. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಅಂಕ ಕೊಡಲಾಗುವುದು. ಟೀಚರ್ ಎದುರಾದರೆ ನಿಂತು ಇಂಗ್ಲಿಷಿನಲ್ಲಿ ವಂದಿಸಬೇಕು. ಮೊದಲ ಕೆಲವು ವಾರಗಳ ಓರಿಯಂಟೇಶನ್ ಮುಗಿಯುವಾಗ ಅಂಕ ಗೆರೆಯ ಕೆಳಗಿದ್ದರೆ ಚರ್ಚಿನ ಸ್ಕಾಲರ್‌ಶಿಪ್ ಇಲ್ಲ, ಹಾಸ್ಟೆಲ್ ಇಲ್ಲ. ಊರಿನ ಶಾಲೆಗೆ ವಾಪಸ್.

ಗಟ್ಟಿಯಾಗಿ ಓದಿ ಹೇಳಿದೆ. ಕೊನೆಗೆ, ಪ್ರಶ್ನೆ ಏನಾದರೂ ಇದೆಯಾ ಎಂದು ಇಂಗ್ಲಿಷಿನಲ್ಲೇ ಕೇಳಿದೆ.

“ಯೆಸ್ ಮೇಡಂ!” — ಎಲ್ಲರೂ ಒಟ್ಟಿಗೆ.

ಕಾದೆ. ಯಾರೂ ಏನೂ ಕೇಳಲಿಲ್ಲ.

ಜನವರಿ 17, ಶುಕ್ರವಾರ

ಸ್ಟಾಫ್ ರೂಮಿನಲ್ಲಿ ಇವತ್ತೆಲ್ಲ ಒಂದೇ ತಮಾಷೆ. ಬಯಾಲಜಿ ಟೀಚರ್ ಹ್ಯಾಪಿನೆಸ್ ಶುರು ಮಾಡಿದ್ದು.

“ಮೇಷ್ಟ್ರೇ, ನಿಮ್ಮ ಸೊಸೆ ಇವತ್ತೂ ಓಡಿದಳು ನೋಡಿ!”

ಕಿಬೋನಾ ಮೇಷ್ಟ್ರು ಗಣಿತದವರು. ತಲೆಯಲ್ಲಿ ಒಂದು ಕರಿ ಕೂದಲಿಲ್ಲ. ಈ ವರ್ಷವೇ ನಿವೃತ್ತಿ. ಇಲ್ಲಿಯವರೇ, ನ್ಯಾಕ್ಯೂಸಾ ಜನ. ಇವರ ಹಳ್ಳಿಗಳಲ್ಲಿ ಹಿಂದೆ ಸೊಸೆಯಾದವಳು ಮಾವನ ಕಣ್ಣಿಗೆ ಬೀಳುವಂತಿರಲಿಲ್ಲವಂತೆ. ದಾರಿಯಲ್ಲಿ ಎದುರಾದರೆ ಬಾಳೆತೋಟಕ್ಕೆ ನುಗ್ಗಿ ಅಡಗಬೇಕಿತ್ತಂತೆ. ಹೊಸ ಹುಡುಗಿಯೊಬ್ಬಳು ಮೇಷ್ಟ್ರನ್ನು ಕಂಡ ಕೂಡಲೇ ಥೇಟ್ ಹಾಗೆಯೇ ಮಾಡುತ್ತಾಳೆ. ಅಡುಗೆಮನೆಯ ಹಿಂದಿನ ಬಾಳೆಗಿಡಗಳ ನಡುವೆ ಮಾಯ.

“ನನಗೆ ಮದುವೆ ವಯಸ್ಸಿನ ಮಗನೇ ಇಲ್ಲವಲ್ಲ ತಾಯಿ,” ಅಂದರು ಮೇಷ್ಟ್ರು, ಕಡಲೆಕಾಯಿ ಬಿಡಿಸುತ್ತ. “ಸೊಸೆ ಎಲ್ಲಿಂದ ಬಂದಳು?”

“ಗುಟ್ಟಾಗಿ ಯಾರಾದರೂ ಇದ್ದಾರೇನೋ. ಮನೆಯವರನ್ನ ಕೇಳ್ತೀನಿ ತಡೀರಿ.”

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ಸುಬಿರಾ ಮೇಡಂ, ಆ ಹುಡುಗಿ ದಿನಾ ನನ್ನ ಕ್ಲಾಸಿಗೇ ತಡ. ಬಂದು ಹಿಂದೆ ಕೂತು ತಲೆ ತಗ್ಗಿಸಿದರೆ ಮುಗೀತು. ಅಂಕ ಕಳೀಲೇಬೇಕು, ಕಳೀತಿದ್ದೀನಿ. ಆದರೆ ಲೆಕ್ಕ ಮಾತ್ರ ಒಂದೂ ತಪ್ಪಿಲ್ಲ. ನನ್ನ ಕಂಡರೆ ಅಷ್ಟು ಭಯಾನಾ?”

ಹೆಸರು ಟುಸೆಕಿಲೆ ಮ್ವಾಂಬೆನೆ. ಸ್ಕಾಲರ್‌ಶಿಪ್ ಮೇಲೆ ಬಂದವಳು. ಅವಳ ಊರಿನ ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರೇ ಇಲ್ಲ.

ಜನವರಿ 22, ಬುಧವಾರ

ಟುಸೆಕಿಲೆಯನ್ನು ಗಮನಿಸಿದೆ. ಇತಿಹಾಸಕ್ಕೆ ತಡವಿಲ್ಲ. ನನ್ನ ಇಂಗ್ಲಿಷ್ ಕ್ಲಾಸಿಗೂ ಇಲ್ಲ. ಕಾರಿಡಾರಿನಲ್ಲಿ ಸಿಕ್ಕಾಗ ತಟ್ಟನೆ ನಿಂತು “ಗುಡ್ ಮಾರ್ನಿಂಗ್ ಮೇಡಂ” ಎನ್ನುತ್ತಾಳೆ. ಕಣ್ಣಿಗೆ ಕಣ್ಣು ಕೊಟ್ಟು. ನನಗೆ ಹಿಡಿಸಿತು.

ಹಾಗಿದ್ದರೆ ಕಿಬೋನಾ ಮೇಷ್ಟ್ರು ಮಾತ್ರ ಏಕೆ? ಸೊಸೆಯ ತಮಾಷೆ ತಲೆಯಿಂದ ಹೋಗುತ್ತಿಲ್ಲ. ಮೇಷ್ಟ್ರ ಬಳಗದ ಯಾರಿಗೋ ಇವಳನ್ನು ಆಗಲೇ ಗೊತ್ತುಮಾಡಿದ್ದಾರೋ? ಈ ವಯಸ್ಸಿಗೆ? ಹ್ಯಾಪಿನೆಸ್‌ಳನ್ನು ಕೇಳಿದೆ.

“ಅಯ್ಯೋ ಮೇಡಂ, ಅದೆಲ್ಲ ನಮ್ಮಜ್ಜಿ ಕಾಲದ್ದು! ಈಗಿನ ಸೊಸೇರು ಮಾವನ ಬೈಕ್ ಮೇಲೆ ಕೂತು ಸಂತೆಗೆ ಹೋಗ್ತಾರೆ. ಕರಾವಳಿಯ ತಾಂಗಾದಿಂದ ಬಂದು ಇಷ್ಟು ವರ್ಷ ಆಯ್ತು, ಇನ್ನೂ ನಮ್ಮನ್ನ ಪುಸ್ತಕದಲ್ಲಿ ಓದ್ತೀರಲ್ಲ!”

ಹೌದು. ಓದುತ್ತೇನೆ.

ಜನವರಿ 23

ಬೇಕೆಂದೇ ಗಣಿತದ ಕೋಣೆಯ ಎದುರು ನಿಂತೆ. ಹುಡುಗಿ ಗಂಟೆಗೆ ಮುಂಚೆಯೇ ಬಂದಿದ್ದಳು. ಒಳಗೆ ಹೋಗಲಿಲ್ಲ. ಗೋಡೆಯ ತಿರುವಿನಲ್ಲಿ ಬೆನ್ನು ಆನಿಸಿ ನಿಂತಳು. ಮೇಷ್ಟ್ರು ಒಳಗೆ ಹೋದರು. ಬೆಂಚುಗಳ ಸದ್ದು, ಮಕ್ಕಳು ಎದ್ದು ನಿಂತು ರಾಗವಾಗಿ “ಗುಡ್ ಮಾರ್ನಿಂಗ್ ಸರ್” ಅಂದರು, ಮತ್ತೆ ಕುಳಿತರು. ಆಗ ಒಳಗೆ ಜಾರಿದಳು.

ತಡ ಆಗುತ್ತಿಲ್ಲ ಅವಳಿಗೆ. ತಡ ಮಾಡಿಕೊಳ್ಳುತ್ತಿದ್ದಾಳೆ.

ಏನನ್ನು ತಪ್ಪಿಸಿಕೊಳ್ಳುತ್ತಿದ್ದಾಳೆ? ಅರ್ಧ ನಿಮಿಷದ್ದು ಏನೋ. ಕೇಳಬಹುದಿತ್ತು. ಕೇಳಲಿಲ್ಲ — ಹೆದರಿಸಿಬಿಟ್ಟೇನು ಎಂದೋ, ನಾನೇ ಕಂಡುಹಿಡಿಯಬೇಕೆಂಬ ಚಪಲವೋ...

ಫೆಬ್ರವರಿ 1, ಶನಿವಾರ

ಇದನ್ನು ಇವತ್ತೇ ಬರೆಯಬೇಕು.

ಸಂತೆಗೆ ಹೋಗಿದ್ದೆ. ಬಾಳೆಕಾಯಿ, ಒಣಮೀನು. ಆಲೂಗಡ್ಡೆ ಗುಡ್ಡೆಯ ಹತ್ತಿರ ಕಿಬೋನಾ ಮೇಷ್ಟ್ರು ಚೌಕಾಸಿ ಮಾಡುತ್ತಿದ್ದರು. ಹಾಸ್ಟೆಲ್ ಹುಡುಗಿಯರು ಸೋಪು ಕೊಳ್ಳಲು ಬಂದಿದ್ದರು. ಅವರ ನಡುವೆ ಟುಸೆಕಿಲೆ. ಈಗ ಓಡುತ್ತಾಳೆ ಎಂದುಕೊಂಡೆ.

ಓಡಿದಳು — ಅವರ ಕಡೆಗೆ. ಗುಂಪನ್ನು ಬಿಟ್ಟು, ಕೆಸರು ದಾಟಿ, ಅವರ ಮುಂದೆ ನಿಂತು, ಮಂಡಿ ಬಾಗಿಸಿ, ತಲೆ ತಗ್ಗಿಸಿ:

“ಶಿಕಮೋ, ಮೇಷ್ಟ್ರೇ!”

“ಮರಹಬಾ, ಮರಹಬಾ, ಮಗಳೇ.” ಮೇಷ್ಟ್ರ ಕೈ ತಾನಾಗಿ ಅವಳ ತಲೆಯ ಮೇಲೆ. “ಊರಲ್ಲೆಲ್ಲ ಹೇಗಿದ್ದಾರೆ? ಅಜ್ಜಿ? ದನ? ಬಾಳೆಗೆ ಈ ಸಲ ರೋಗ ಗೀಗ ಬಂತಾ?”

ಯಾರನ್ನು ಕಂಡರೂ ಕೇಳುವ ವಾಡಿಕೆಯ ಪ್ರಶ್ನೆಗಳೇ; ಎಲ್ಲಕ್ಕೂ ಉತ್ತರ ಕೊಟ್ಟಳು. ನಗುತ್ತ. ಅಂಥ ನಗು ಇದೆಯೆಂದೇ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿದರು.

“ಒಳ್ಳೇ ಹುಡುಗಿ. ಯಾವ ಕ್ಲಾಸಿನವಳು?”

“ನಿಮ್ಮ ಸೊಸೆ, ಮೇಷ್ಟ್ರೇ.”

“ಇವಳಾ!” ಆಲೂಗಡ್ಡೆ ಚೀಲ ಕೆಳಗಿಟ್ಟರು. “ನಾನು ಇವಳ ನೆತ್ತಿ, ಬೆನ್ನು ಬಿಟ್ಟು ಬೇರೇನೂ ನೋಡೇ ಇರಲಿಲ್ಲ.”

ಭಯವಲ್ಲ. ಗೇಟಿನ ಹೊರಗೆ ಒಬ್ಬಳು, ಒಳಗೆ ಇನ್ನೊಬ್ಬಳು.

ಶಿಕಮೋ. ನಾವು ಹುಟ್ಟಿದಾಗಿನಿಂದ ದೊಡ್ಡವರಿಗೆ ಹೇಳುವ ಮಾತು. ನಿಮ್ಮ ಪಾದ ಹಿಡಿದೆ ಎಂಬ ಅರ್ಥ ಅದರ ತಳದಲ್ಲಿದೆ. ಈಗ ಯಾರೂ ಪಾದ ಹಿಡಿಯುವುದಿಲ್ಲ, ಮಾತೇ ಬಾಗುತ್ತದೆ. ದೊಡ್ಡವರು ಮರಹಬಾ ಅಂದರೆ ಅದು ಸಂದಿತು ಎಂದು ಲೆಕ್ಕ.

ಗೇಟಿನೊಳಗೆ ಅದು ಸ್ವಾಹಿಲಿ. ಅಂಕ ಕಳೆಯಲಾಗುವುದು.

ಫೆಬ್ರವರಿ 3, ಸೋಮವಾರ. ಸಂಜೆ

ಅವಳನ್ನು ಕರೆದೆ. ಶಾಲೆಯ ಎದುರು, ರಸ್ತೆಯ ಆಚೆ ಹಾಸ್ಟೆಲ್. ಅದರ ಮೆಟ್ಟಿಲ ಮೇಲೆ ಕುಳಿತೆವು. ಅದು ಗೇಟಿನ ಹೊರಗೆ. ಸ್ವಾಹಿಲಿಯಲ್ಲೇ ಮಾತಾಡು ಅಂದೆ. ನಂಬಲು ಹೊತ್ತು ಬೇಕಾಯಿತು.

“ಗಣಿತಕ್ಕೆ ಯಾಕೆ ತಡ?”

ಉಗುರು ನೋಡಿಕೊಂಡಳು.

“ಎಲ್ಲರ ಜೊತೆ ಗುಡ್ ಮಾರ್ನಿಂಗ್ ಅನ್ನಬಹುದಲ್ಲ? ಅಷ್ಟೇ ತಾನೆ?”

“ಅದು ಹೇಗೆ ಆಗುತ್ತೆ ಮೇಡಂ? ನಾನು ಗುಡ್ ಮಾರ್ನಿಂಗ್ ಅಂತೀನಿ. ಅವರೂ ಗುಡ್ ಮಾರ್ನಿಂಗ್ ಅಂತಾರೆ.” ತಲೆ ಎತ್ತಿದಳು. “ಇಬ್ಬರೂ ಒಂದೇ ಮಾತು ಹೇಳಿದರೆ ಯಾರು ದೊಡ್ಡೋರು? ಅವರು ನಮ್ಮಜ್ಜನ ವಾರಿಗೆ. ನಮ್ಮಜ್ಜಂಗೆ ಹಾಗಂದರೆ ಅಜ್ಜಿ ಊಟ ಹಾಕಲ್ಲ.”

“ಬೇರೆ ಮಕ್ಕಳು ಅಂತಾರಲ್ಲ.”

“ಅವರಿಗೂ ಇರುಸುಮುರುಸೇ. ಬಾಯಿ ಆಡಿಸ್ತಾರೆ, ಅಷ್ಟೆ. ನನಗೆ ಬರೀ ಬಾಯಿ ಆಡಿಸೋಕೆ ಬರಲ್ಲ. ಶಿಕಮೋ ಅಂದರೆ ಅಂಕ ಹೋಗುತ್ತೆ, ಅನ್ನದೆ ಎದುರಿಗೆ ನಿಂತರೆ ಅವರ ಮರ್ಯಾದೆ ಹೋಗುತ್ತೆ. ಅದಕ್ಕೇ ಎದುರಿಗೇ ಹೋಗಲ್ಲ.”

“ತಡವಾದರೂ ಅಂಕ ಹೋಗುತ್ತಲ್ಲ?”

“ಹೋಗುತ್ತೆ. ಆದರೆ ಅದು ನಂದು ಮಾತ್ರ ಹೋಗುತ್ತೆ.”

ಕೇಳಬಾರದಿತ್ತೇನೋ, ಕೇಳಿದೆ.

“ನನಗೆ ಗುಡ್ ಮಾರ್ನಿಂಗ್ ಅಂತೀಯಲ್ಲ? ನಾನೂ ನಿನ್ನ ಅಮ್ಮನಿಗಿಂತ ದೊಡ್ಡವಳೇ ಇರಬೇಕು.”

“ನೀವು ಬೇರೆ, ಮೇಡಂ.” ತೀರಾ ಸಹಜವಾಗಿ ಅಂದಳು. “ನೀವು ಇಂಗ್ಲಿಷಿನೋರು.”

ಅದೇ ದಿನ, ಇನ್ನೊಂದು ಮಾತು

ನಾನು ತಾಂಗಾದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದಿದವಳು. ಮನೆಯಲ್ಲಿ ಶಿಕಮೋ, ಶಾಲೆಯಲ್ಲಿ ಗುಡ್ ಮಾರ್ನಿಂಗ್. ಎರಡು ಚಪ್ಪಲಿ ಇದ್ದ ಹಾಗೆ, ಬಾಗಿಲಲ್ಲಿ ಬದಲಾಯಿಸಿದರಾಯಿತು. ಕಷ್ಟ ಎನಿಸಿದ್ದೇ ಇಲ್ಲ. ಹಾಗಾಗಿಯೇ ಆ ಸಾಲನ್ನು ಹಾಳೆಯಲ್ಲಿ ಅಷ್ಟು ಸುಲಭವಾಗಿ ಬರೆದೆನೋ?

ನನ್ನ ಕಣ್ಣಲ್ಲಿ ಕಣ್ಣಿಟ್ಟು ವಂದಿಸುತ್ತಾಳೆಂದು ಹಿಗ್ಗಿದ್ದೆ. ಅದು ಗೌರವವಾಗಿರಲಿಲ್ಲ. ನನ್ನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಹುಡುಗಿ.

ನೋವೆನ್ನಲೇ? ಕುತೂಹಲ ಹೆಚ್ಚು. ಇಷ್ಟು ವರ್ಷ ಎಷ್ಟು ಮಕ್ಕಳ ಲೆಕ್ಕದಲ್ಲಿ ನಾನು ಇರಲಿಲ್ಲ?

ಫೆಬ್ರವರಿ 7, ಶುಕ್ರವಾರ

ಮೀಟಿಂಗ್. ಹೆಡ್‌ಮಾಸ್ಟರ್ ಸೋಂಗ್ವೆ ಮೊದಲೇ ಹೇಳಿಬಿಟ್ಟರು: ಟುಸೆಕಿಲೆ ಮ್ವಾಂಬೆನೆಯ ಅಂಕ ಗೆರೆಯ ಅಂಚಿಗೆ ಬಂದಿದೆ, ಹೆತ್ತವರಿಗೆ ತಿಳಿಸೋಣ.

ಎದ್ದು ನಿಂತು ನಡೆದದ್ದು ಹೇಳಿದೆ. ಆ ಸಾಲು ಬರೆದವಳು ನಾನೇ, ತಿದ್ದಬೇಕಾದವಳೂ ನಾನೇ, ಶಿಕಮೋ ಎಂಬ ಒಂದು ಮಾತಿಗೆ ರಿಯಾಯಿತಿ ಕೊಡೋಣ ಅಂದೆ.

ಹ್ಯಾಪಿನೆಸ್‌ಗೆ ತಡೆಯಲಾಗಲಿಲ್ಲ. “ಇಂಗ್ಲಿಷಿಗೆ ತರ್ಜುಮೆ ಮಾಡಿಬಿಡೋಣ ಸರ್. ‘ಐ ಹೋಲ್ಡ್ ಯುವರ್ ಫೀಟ್, ಸರ್!’”

“ಇನ್‌ಸ್ಪೆಕ್ಟರ್ ಮುಂದೆ ಯಾರಾದರೂ ಹಾಗಂದರೆ ಅವರು ಕಾಲು ಎಳ್ಕೊಂಡು ಓಡ್ತಾರೆ. ಹಿಂದೆಯೇ ನನ್ನ ಕೆಲಸಾನೂ ಓಡುತ್ತೆ,” ಅಂದರು ಹೆಡ್‌ಮಾಸ್ಟರ್. ನಗು ನಿಂತ ಮೇಲೆ ನನ್ನ ಕಡೆ ನೋಡಿದರು. “ಸುಬಿರಾ ಮೇಡಂ, ಇವತ್ತು ಒಂದು ಮಾತು ಒಳಗೆ ಬಿಟ್ಟರೆ ನಾಳೆ ಅದರ ನೆಂಟರೆಲ್ಲ ಬರ್ತಾರೆ. ಪರೀಕ್ಷೆ ಇಂಗ್ಲಿಷಿನಲ್ಲಿ. ಫೇಲಾದರೆ ಆ ಮಗೂನ ಯಾರು ಕೇಳ್ತಾರೆ?”

ಅದೂ ಸುಳ್ಳಲ್ಲ. ಫೇಲಾದವರ ಮನೆಗೆ ಹೋಗಿ ಬಂದವಳು ನಾನು.

“ಕೊನೆಯ ಅವಕಾಶ. ಇನ್ನು ಒಂದೇ ಒಂದು ಸಲ ಗಣಿತಕ್ಕೆ ತಡವಾದರೆ ಅವಳು ಊರಿಗೆ. ಬರ್ಕೊಳ್ಳಿ.”

ಬರೆದುಕೊಂಡೆ. ಇಂಗ್ಲಿಷ್ ನಿಯಮಕ್ಕೆ ಕಿಬೋನಾ ಮೇಷ್ಟ್ರಷ್ಟು ಕಟ್ಟುನಿಟ್ಟು ಯಾರೂ ಇಲ್ಲ. ನನ್ನ ಪರ ನಿಲ್ಲುವ ನಿರೀಕ್ಷೆಯೂ ಇರಲಿಲ್ಲ. ಎಲ್ಲರೂ ಏಳುವ ಹೊತ್ತಿಗೆ ಕೆಮ್ಮಿದರು.

“ಸರ್, ಗೇಟಿನ ಹೊರಗೆ ಯಾವ ಭಾಷೆ?”

“ಹೊರಗೆ ನಮ್ಮದೇನು ನಡೆಯುತ್ತೆ? ಹೊರಗೆ ರಸ್ತೆ.”

“ಹಂಗಾದರೆ ಸೋಮವಾರದಿಂದ ಬೆಳಿಗ್ಗೆ ನಾನು ರಸ್ತೆ ಮೇಲೆ ನಿಲ್ತೀನಿ.”

“ನಿಮ್ಮ ಮನೆ ಇರೋದು ಕ್ಲಾಸಿನ ಹಿಂದೆ. ರಸ್ತೆಗೆ ಯಾಕೆ ಮೇಷ್ಟ್ರೇ?”

“ವಾಕಿಂಗು. ಡಾಕ್ಟರು ಹೇಳಿದ್ದಾರೆ.”

“ಯಾವ ಡಾಕ್ಟರು?” — ಹ್ಯಾಪಿನೆಸ್.

“ನಿನಗ್ಯಾಕಮ್ಮ? ಮಂಡಿ ನಂದು.”

ಫೆಬ್ರವರಿ 8, ಶನಿವಾರ

ಹಾಸ್ಟೆಲ್ ಮೆಟ್ಟಿಲಿಗೆ ಮತ್ತೆ ಹೋದೆ. ಬೆಳಿಗ್ಗೆ ರಸ್ತೆಯಲ್ಲಿ ಶಿಕಮೋ ಹೇಳಿದರೆ ಆಮೇಲೆ ಕ್ಲಾಸಿನಲ್ಲಿ ಎಲ್ಲರ ಜೊತೆ ಗುಡ್ ಮಾರ್ನಿಂಗ್ ಅನ್ನಲು ಆದೀತಾ ಎಂದು ಕೇಳಿದೆ.

ಟುಸೆಕಿಲೆ ಲೆಕ್ಕ ಬಿಡಿಸುವವಳಂತೆ ಯೋಚಿಸಿದಳು.

“ಮೊದಲು ಅದಾದರೆ ಇದು ಆಗುತ್ತೆ ಮೇಡಂ. ಒಂದ್ಸಲ ಮರಹಬಾ ಬಂದರೆ ಆ ದಿನಕ್ಕೆ ಸಾಕು. ಆಮೇಲೆ ಯಾವ ಭಾಷೆ ಆದರೇನು?”

ತಡವಾದರೆ ಏನಾಗುತ್ತದೆಂದು ಹೇಳಿದೆ. ಮುಖ ಸಣ್ಣಗಾಯಿತು. ತಲೆಯಾಡಿಸಿದಳು.

ಫೆಬ್ರವರಿ 10, ಸೋಮವಾರ. ಬೆಳಿಗ್ಗೆ

ಗೇಟಿನ ಹೊರಗೆ, ಕಾವಲುಗಾರನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೊದಲ ಪಿರಿಯಡ್ ಗಣಿತ, ನನ್ನ ಕ್ಲಾಸು ಎರಡನೇ ಪಿರಿಯಡ್‌ಗೆ.

ಮಂಜು. ಮೇಷ್ಟ್ರು ಕೋಟು ಹಾಕಿಕೊಂಡು ರಸ್ತೆಯ ನಡುವೆ. ಹಾಸ್ಟೆಲ್ ಬಾಗಿಲು ತೆರೆಯಿತು. ಮೊದಲ ಹುಡುಗಿ ಅವರನ್ನು ಕಂಡು ನಿಂತಳು, ಗೇಟನ್ನು ನೋಡಿದಳು, ತನ್ನ ಕಾಲ ಕೆಳಗಿನ ರಸ್ತೆಯನ್ನು ನೋಡಿದಳು. ಅರ್ಥವಾಯಿತು. “ಶಿಕಮೋ ಮೇಷ್ಟ್ರೇ!” ಆಮೇಲೆ ಎಲ್ಲರೂ. ಸಾಲು ಕಟ್ಟಿಬಿಟ್ಟರು. ಮರಹಬಾ, ಮರಹಬಾ, ಮರಹಬಾ.

ಟುಸೆಕಿಲೆಗೆ ಇವತ್ತು ಕೋಣೆ ಗುಡಿಸುವ ಸರದಿಯಂತೆ. ಕೊನೆಯಲ್ಲಿ ಬಂದಳು, ಓಡುತ್ತ. ಮಂಡಿ ಬಾಗಿಸಿದಳು. ಮೇಷ್ಟ್ರು ಮರಹಬಾ ಅಂದು ಅಷ್ಟಕ್ಕೆ ಬಿಡಬಾರದೇ? ಅಜ್ಜಿ ಹೇಗಿದ್ದಾರೆ? ದನ? ಬಾಳೆ? ಎಲ್ಲಕ್ಕೂ ಉತ್ತರ. ಒಳಗೆ ಗಂಟೆಯ ಹತ್ತಿರ ಹೆಡ್‌ಮಾಸ್ಟರ್ ನಿಂತು ಗಡಿಯಾರ ನೋಡುತ್ತಿದ್ದರು.

ಇನ್ನು ಗೇಟು ದಾಟಬೇಕು. ದಾಟಲಿಲ್ಲ. ನನ್ನ ಮುಂದೆ ನಿಂತಳು. ಕಣ್ಣು ನೆಲದಲ್ಲಿ.

“ಶಿಕಮೋ, ಮೇಡಂ.”

“ಗುಡ್ ಮಾ—” ಅಂದೆ. ಅದೇ ಬಂತು ಬಾಯಿಗೆ.

ಅವಳು ಕದಲಲಿಲ್ಲ. ಉತ್ತರ ಸಿಗದೆ ಹೇಗೆ ಹೋಗುತ್ತಾಳೆ? ಬಾಗಿದ ಮಂಡಿ ಬಾಗಿಯೇ ಇತ್ತು. ಹೆಡ್‌ಮಾಸ್ಟರ್ ಗಂಟೆಯ ಹಗ್ಗಕ್ಕೆ ಕೈ ಹಾಕಿದರು. ಸತ್ತ ನಮ್ಮಮ್ಮನ ದನಿ ಎಲ್ಲಿಂದಲೋ ನನ್ನ ಗಂಟಲಿಗೆ ಬಂತು.

“ಮರಹಬಾ,” ಅಂದೆ. “ಮರಹಬಾ, ಮಗಳೇ. ಓಡು!”

ಓಡಿದಳು. ಗಂಟೆ ಹೊಡೆಯಿತು. ಅವಳಿನ್ನೂ ಅಂಗಳದ ನಡುವೆ. ಗಣಿತದ ಕೋಣೆ ಕೊನೆಯದು.

ಆಗ ನೆನಪಾಯಿತು — ಟೀಚರ್ ಒಳಗೆ ಬಂದ ನಂತರ ಬಂದವರನ್ನು ತಡವೆಂದು ಪರಿಗಣಿಸಲಾಗುವುದು. ನನ್ನದೇ ವಾಕ್ಯ. ಟೀಚರ್ ಇನ್ನೂ ರಸ್ತೆಯಲ್ಲಿದ್ದರು, ನನ್ನ ಪಕ್ಕದಲ್ಲಿ. ಕೋಟಿನ ಗುಂಡಿ ಹಾಕಿಕೊಂಡರು. ಬಿಚ್ಚಿದರು. ಮತ್ತೆ ಹಾಕಿಕೊಂಡರು.

“ಗುಡ್ ಮಾರ್ನಿಂಗ್, ಸರ್!” ಅಂದರು ಗೇಟು ದಾಟಿ, ಹೆಡ್‌ಮಾಸ್ಟರಿಗೆ, ತುಂಬ ಗಟ್ಟಿಯಾಗಿ. ಮಂಡಿ ಹಿಡಿದುಕೊಂಡರು. ಒಂದು ಹೆಜ್ಜೆ ಇಟ್ಟು ನಿಂತರು. ಅಂಗಳದ ಆ ತುದಿಯಲ್ಲಿ ಟುಸೆಕಿಲೆಯ ನೀಲಿ ಸ್ವೆಟರ್ ಬಾಗಿಲೊಳಗೆ ಹೋಯಿತು. ಮೇಷ್ಟ್ರು ಇನ್ನೊಂದು ಹೆಜ್ಜೆ ಇಟ್ಟರು. ಈ ಮನುಷ್ಯ ಇಷ್ಟು ನಿಧಾನವಾಗಿ ನಡೆದದ್ದನ್ನು ನಾನು ಈವರೆಗೆ ನೋಡಿರಲಿಲ್ಲ.