ಖಾರವಿಲ್ಲದ ಪಾಲು

ಮುಸರ್ರತ್,

ಇವತ್ತು ಭದ್ರಾವತಿಯಲ್ಲಿ ನಿಮ್ಮ ಮನೆ ಮುಂದೆ ಹೋಗುತ್ತಿದ್ದಾಗ ನಿಮ್ಮಮ್ಮ ಕರೆದರು. ಹಿತ್ತಲಿನ ಪುದೀನ ಕಿತ್ತುಕೊಟ್ಟು, "ಬೆಣ್ಣೆಗೆ ಹಾಕ್ಕೋ ಬೇಟಿ, ನೀವಿಬ್ರೂ ತಿಂತಿದ್ರಲ್ಲ" ಅಂದರು. ಮದುವೆಯಾಗಿ ಹೋದ ನಿನ್ನ ವಿಳಾಸ ಕೇಳಲು ಬಾಯಿ ತೆರೆದೆ. ಆದರೆ "ಬರ್ತೀನಮ್ಮಾ" ಅಂತಷ್ಟೇ ಹೇಳಿ ಬಂದೆ.

ಶಿವಮೊಗ್ಗದ ರೂಮಿನಲ್ಲಿ ಪುದೀನ, ಬೆಳ್ಳುಳ್ಳಿ, ಉಪ್ಪು ಜಜ್ಜಿ ಬೆಣ್ಣೆಗೆ ಕಲಸಿದೆ. ಹಳೇ ಅಭ್ಯಾಸದಲ್ಲಿ, ಖಾರ ಆಗದ ನಿನಗೆಂದು ಅರ್ಧ ಎತ್ತಿಟ್ಟು, ಉಳಿದದ್ದಕ್ಕಷ್ಟೇ ಹಸಿಮೆಣಸು ಹಾಕಿದ್ದೆ. ಅದು ನನಗೆ ಗೊತ್ತಾದದ್ದು ಹೇಮಶ್ರೀ ಕೇಳಿದಾಗಲೇ. ನಿನ್ನ ಮಂಚ ಈಗ ಅವಳದು.

"ಇದ್ಯಾರಿಗೆ ಮಾರಾಯ್ತಿ, ಖಾರ ಇಲ್ದಿದ್ದು? ರೂಮಲ್ಲಿ ಪಾಪು ಏನಾದ್ರೂ ಇದ್ಯಾ?"

"ನಂಗೇ" ಅಂದೆ.

ಅವಳು ಖಾರದ್ದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ಹೋದಳು. ನಿನ್ನ ಪಾಲನ್ನು ನಾನು ಸ್ವಲ್ಪವೇ ತಿಂದೆ. ಉಳಿದದ್ದನ್ನು ತಣ್ಣೀರಿನ ಬಟ್ಟಲಲ್ಲಿಟ್ಟು ಮುಚ್ಚಿದ್ದೇನೆ. ನಾಳೆಯವರೆಗೆ ಇರುತ್ತದೆ.

ಮೈತ್ರಿ