ಹೆಂಡತಿಯರಲ್ಲ, ಆಟಗಾರ್ತಿಯರು

೧೦ ಮೇ ೨೦೦೭, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಐದು ಸಲ ಜರ್ಮನಿಯ ಚಾಂಪಿಯನ್ ಆದ ನಮ್ಮ ಎರ್ಲೆನ್‌ಬ್ರುಖ್ ಫುಟ್‌ಬಾಲ್ ಕ್ಲಬ್ಬಿಗೆ ನೂರು ವರ್ಷ ತುಂಬಿತೆಂದು ಪ್ರದರ್ಶನ ಇಟ್ಟಿದ್ದಾರೆ. ಗೆದ್ದ ಬೆಳ್ಳಿ ತಟ್ಟೆಗಳ ಪಕ್ಕದ ಗೋಡೆಯಲ್ಲಿ ನಮ್ಮ ಫೋಟೊ: ಹನ್ನೊಂದು ಹುಡುಗಿಯರು, ಮೊಣಕಾಲಿಗೆ ಮೆತ್ತಿದ ಕಲ್ಲಿದ್ದಲ ಬೂದಿ. ಕೆಳಗೆ ಬರೆದಿದೆ: ‘ಆಟಗಾರರ ಹೆಂಡತಿಯರು, ೧೯೫೮’.

ಹೆಂಡತಿಯರಂತೆ! ಹೆಂಗಸರು ಚೆಂಡು ಒದೆಯಬಾರದೆಂದು ಫುಟ್‌ಬಾಲ್ ಸಂಘ ನಿಷೇಧ ಹಾಕಿದ್ದ ಕಾಲ ಅದು. ಗಣಿಯ ಹಿಂದಿನ ಬಯಲಿನಲ್ಲಿ ಗಂಡಸರ ಹಳೆಯ ಅಂಗಿ ತೊಟ್ಟು ಆಡುತ್ತಿದ್ದೆವು. ಗೋಲು ಕಾಯುತ್ತಿದ್ದ ಇರ್ಮ್‌ಟ್ರಾಟ್ ಎರಡು ಬೆರಳು ಮುರಿದುಕೊಂಡು, ಮೆಟ್ಟಿಲಿಂದ ಬಿದ್ದೆನೆಂದು ಮನೆಯಲ್ಲಿ ಸುಳ್ಳು ಹೇಳಿದಳು.

ಪ್ರದರ್ಶನದ ಉಸ್ತುವಾರಿ ಹೊತ್ತ ಟಾರ್ಬೆನ್‌ನನ್ನು ಹಿಡಿದು ಕೇಳಿದೆ.

“ದಾಖಲೆ ಏನಾದ್ರೂ ಇದೆಯಾ ಮೇಡಂ? ತಂಡದ ಪಟ್ಟಿ, ಗಿಟ್ಟಿ?”

“ಕದ್ದು ಆಡೋರು ದಾಖಲೆ ಇಟ್ಕೊತಾರೇನಪ್ಪಾ? ನಡುವೆ ನಿಂತಿರೋಳು ನಾನೇ. ಆಗ ನಂಗೆ ಮದ್ವೆನೇ ಆಗಿರ್ಲಿಲ್ಲ!”

ಅವನು ತಲೆ ಕೆರೆದುಕೊಂಡು ಕೊನೆಗೆ ಪೆನ್ನು ಕೊಟ್ಟ. “ಹಾಗಾದ್ರೆ ಹನ್ನೊಂದೂ ಹೆಸರು ಬರ್ದುಕೊಡಿ. ನಾಳೆನೇ ಫಲಕ ಬದಲಾಯಿಸ್ತೀನಿ.”

ಹತ್ತು ಹೆಸರು ಸರಾಗವಾಗಿ ಬಂದವು. ಎಡತುದಿಯಲ್ಲಿ ನಗುತ್ತಿರುವವಳದು ಬರಲಿಲ್ಲ. ಅವಳ ಓಟ, ಅವಳ ಕೀರಲು ದನಿ, ಎಲ್ಲ ನೆನಪಿದೆ. ಹೆಸರು ಮಾತ್ರ ಇಲ್ಲ. ಕೇಳೋಣವೆಂದರೆ ಇರ್ಮ್‌ಟ್ರಾಟ್ ತೀರಿಕೊಂಡು ಮೂರು ವರ್ಷವಾಯಿತು. ಕ್ಲಬ್ಬಿನವರು ಮರೆತರೆಂದು ಅಷ್ಟು ರೇಗಾಡಿದೆನಲ್ಲ, ಮರೆತವಳು ನಾನೂ. ಗೆರ್ಡಾ ಅಲ್ಲ. ಗಿಸೆಲಾನೂ ಅಲ್ಲ. ‘ಗ’ದಿಂದಲೇ ಶುರುವಾಗುತ್ತಿತ್ತು, ಅಥವಾ...